ಚೆನ್ನಿಗರಾಯನ ಮೆಟ್ಟು, ನಮ್ಮಜ್ಜನ ಮೇಣದ ಉಂಡೆ

ಮಾದಿಹಳ್ಳಿಯ ನಮ್ಮ ಹಳೇ ಮನೆಯ ಹೆಂಚು ಇಳಿಸುವಾಗ ಅಟ್ಟದ ಮೇಲೆ ಒಂದು ಬಿಸ್ಕತ್ ಡಬ್ಬಿ ಸಿಕ್ಕಿತು. ಒಳಗೆ ತುಕ್ಕು ಹಿಡಿದ ಒಂದು ರಂಪಿಗೆ, ಹಿಡಿ ಸವೆದ ಎರಡು ಆರೆ, ನಡುವೆ ಗಾಡಿ ಬಿದ್ದ ಗೇಣುದ್ದದ ಮರದ ತುಂಡು, ಬಟ್ಟೆಯಲ್ಲಿ ಸುತ್ತಿಟ್ಟ ಕಪ್ಪನೆಯ ಒಂದು ಉಂಡೆ. ಉಂಡೆಯನ್ನು ಹೆಬ್ಬೆರಳಿನಿಂದ ತಿಕ್ಕಿದರೆ ಸಣ್ಣಗೆ ಜೇನಿನ ವಾಸನೆ ಬಂತು. ಅಪ್ಪ ಒಮ್ಮೆ ನೋಡಿ, "ತಿಪ್ಪೆಗೆ ಹಾಕು ಅತ್ಲಾಗೆ" ಅಂದರು.

ನಾನು ಹಾಕಲಿಲ್ಲ. ಅದು ನಮ್ಮಜ್ಜನ ಸಾಮಾನು. ಅಜ್ಜ ಮೆಟ್ಟು ಹೊಲಿಯುತ್ತಿದ್ದರು. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ "ನಿಮ್ಮೂರಿನ ಒಂದು ಕಸುಬಿನ ಬಗ್ಗೆ ಬರೆಯಿರಿ" ಎಂದು ಹೇಳಿದ್ದಾಗ ನಾನು ಪಕ್ಕದೂರಿನ ಕುಂಬಾರಿಕೆಯ ಬಗ್ಗೆ ಬರೆದಿದ್ದೆ. ಮನೆಯಲ್ಲೇ ಇದ್ದ ಕಸುಬನ್ನು ಬಿಟ್ಟು ಪಕ್ಕದೂರಿಗೆ ಯಾಕೆ ಹೋದೆ ಎಂಬುದನ್ನು ಇಲ್ಲಿ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಬಾಕಿಯನ್ನು ಈಗ ತೀರಿಸುತ್ತಿದ್ದೇನೆ.

ಮೊದಲು ಆ ಉಂಡೆ ಯಾತಕ್ಕೆ ಎಂಬುದನ್ನು ಹೇಳಿಬಿಡುತ್ತೇನೆ. ತೊಗಲಿನ ಮೇಲ್ಮೈ ನುಣುಪಾಗಿರುತ್ತದೆ. ಆದರೆ ಅದನ್ನು ಕತ್ತರಿಸಿದ ಕಡೆ, ಅಂದರೆ ಅಂಚಿನಲ್ಲಿ, ಒಳಗಿನ ನಾರು ತೆರೆದುಕೊಂಡಿರುತ್ತದೆ. ಮಳೆ ನೀರು, ಬೆವರು, ಸಗಣಿ, ಗಂಜಲ ಎಲ್ಲವೂ ಒಳಗೆ ಹೋಗುವುದು ಅಲ್ಲಿಂದಲೇ. ಮೆಟ್ಟಿನ ಅಟ್ಟೆ ಎಂದರೆ ಎರಡು ಮೂರು ಪದರ ತೊಗಲು. ಅಂಚಿನಿಂದ ನೀರು ಹೊಕ್ಕರೆ ಪದರ ಉಬ್ಬುತ್ತದೆ, ಹೊಲಿಗೆ ಕೊಳೆಯುತ್ತದೆ, ಅಟ್ಟೆ ಬಾಯಿ ಬಿಡುತ್ತದೆ. ಗದ್ದೆ ಹೊಲದಲ್ಲಿ ತುಳಿಯುವ ಮೆಟ್ಟು ಎಷ್ಟು ದಿನ ಬಾಳುತ್ತದೆ ಎನ್ನುವುದನ್ನು ಅಂಚು ನೋಡಿಯೇ ಹೇಳಬಹುದು. ಅಜ್ಜನೂ ಅದನ್ನೇ ಹೇಳುತ್ತಿದ್ದರು: "ಮೇಲೆ ಯಾರಾದ್ರೂ ಹೊಳಪು ತರ್ತಾರೆ ಕಣ್ಲಾ, ಅಂಚು ನೋಡು."

ಕೆಲಸದ ಕ್ರಮ ಹೀಗೆ. ರಂಪಿಗೆಯಿಂದ ಪದರಗಳ ಅಂಚನ್ನು ಒಂದೇ ಸಮಕ್ಕೆ ಸವರಬೇಕು. ಒದ್ದೆ ಬಟ್ಟೆಯಿಂದ ಅಂಚನ್ನು ತುಸು ನೆನೆಸಬೇಕು. ಆಮೇಲೆ ಮರದ ತುಂಡಿನ ಗಾಡಿಯಲ್ಲಿ ಅಂಚನ್ನು ಕೂರಿಸಿ ಹಿಂದಕ್ಕೂ ಮುಂದಕ್ಕೂ ಉಜ್ಜಬೇಕು. ನೆನೆದ ನಾರು ಬಿಸಿಗೂ ಒತ್ತಡಕ್ಕೂ ಮಲಗಿ, ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಕಪ್ಪು ಬಣ್ಣ ಬೇಕಿದ್ದರೆ ಕಬ್ಬಿಣದ ತುಕ್ಕನ್ನು ಬೆಲ್ಲದ ನೀರಿನಲ್ಲಿ ಹುಳಿ ಬರಿಸಿ ಸವರಿದರಾಯಿತು. ಹದ ಮಾಡಿದ ತೊಗಲಿನಲ್ಲಿರುವ ತೊಗಟೆಯ ಒಗರು ಕಬ್ಬಿಣದ ಜೊತೆ ಸೇರಿದರೆ ತಾನಾಗಿಯೇ ಕಪ್ಪಾಗುತ್ತದೆ. ಕೊನೆಗೆ ಮೇಣ. ಉಂಡೆಯನ್ನು ಅಂಚಿಗೆ ತಿಕ್ಕಿ, ಒಣ ಬಟ್ಟೆಯಿಂದ ಕೈ ಬಿಸಿಯಾಗುವ ತನಕ ಉಜ್ಜಿದರೆ ಮೇಣ ಕರಗಿ ನಾರಿನೊಳಗೆ ಇಳಿಯುತ್ತದೆ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಪದರ ಎಲ್ಲಿ ಕೂಡಿದೆ ಎಂದು ಉಗುರಿಗೂ ಸಿಗುವುದಿಲ್ಲ.

ಈ ಕೆಲಸಕ್ಕೂ ನಮ್ಮ ತಾಲ್ಲೂಕಿನ ದೊಡ್ಡ ದೇವಸ್ಥಾನಕ್ಕೂ ಒಂದು ಸಂಬಂಧವಿದೆ.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ. ಆ ದೇವರ ಬಗ್ಗೆ ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಒಂದು ಐತಿಹ್ಯವನ್ನು ದಾಖಲಿಸಿದ್ದಾರೆ. ಚೆನ್ನಿಗರಾಯನ ಮೂರ್ತಿ ಬಂದದ್ದು ಬಾಬಾಬುಡನ್ ಗಿರಿಯಿಂದ; ದೇವಿ ಮಾತ್ರ ಅಲ್ಲೇ ಉಳಿದಳು. ಹಾಗಾಗಿ ದೇವರು ಆಗಾಗ ದೇವಿಯನ್ನು ನೋಡಲು ಗಿರಿಗೆ ನಡೆದು ಹೋಗಬೇಕು. ಅದಕ್ಕೆಂದೇ ದೇವಾಲಯದಲ್ಲಿ ದೊಡ್ಡದೊಂದು ಜೊತೆ ಮೆಟ್ಟು ಇಟ್ಟಿರುತ್ತಾರೆ. ನಡೆದೂ ನಡೆದೂ ಅವು ಸವೆಯುತ್ತವೆ. ಸವೆದಾಗ ಆ ವಿಷಯ ಚನ್ನಗಿರಿ ಮತ್ತು ಬಸವಾಪಟ್ಟಣದ ತೊಗಲಿನ ಕೆಲಸದವರ ಕನಸಿನಲ್ಲಿ ಬರುತ್ತದೆ. ಅವರು ಹೊಸ ಜೋಡು ಮಾಡಿಕೊಂಡು ಬೇಲೂರಿಗೆ ಬರಬೇಕು. ಅದನ್ನು ಒಪ್ಪಿಸಲಿಕ್ಕಾಗಿ ಅವರಿಗೆ ದೇವಾಲಯದ ಅಂಗಳದವರೆಗೆ ಪ್ರವೇಶ ಉಂಟು.

ಅಂಗಳದವರೆಗೆ. ಈ ಮಾತನ್ನು ಓದಿದ ದಿನ ನಾನು ಮುಂದೆ ಓದಲಿಲ್ಲ. ದೇವರ ಪಾದಕ್ಕೆ ತಾಗುವ ವಸ್ತುವನ್ನು ಮಾಡಿದ ಕೈಗೆ ಅಂಗಳ ಕೊನೆ. ಮೇಲುಕೋಟೆಯಲ್ಲೂ ಬೇಲೂರಿನಲ್ಲೂ ಹೊಲೆಯರಿಗೆ, ಮಾದಿಗರಿಗೆ ವರ್ಷದಲ್ಲಿ ಕೆಲವೇ ದಿನ ಪ್ರವೇಶವಿದ್ದ ಪದ್ಧತಿಯೂ ದಾಖಲೆಯಲ್ಲಿದೆ. ಅದನ್ನು ರಾಮಾನುಜರ ಕಾಲದ ಉಪಕಾರವೆಂದು ಹೇಳಿಕೊಂಡು ಬರಲಾಗಿದೆ. ವರ್ಷದ ಉಳಿದ ದಿನಗಳ ಮಾತನ್ನು 1950ರ ಸಂವಿಧಾನದ 17ನೇ ವಿಧಿ, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಆಡಿದವು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅದೇ ದೇವಾಲಯದ ಮದನಿಕೆಯರ ಕೆಳಗೆ ಶಿಲ್ಪಿಗಳ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಊರಿನ ಸಮೇತ ಹೆಸರು ಕೆತ್ತಿದ್ದಾರೆ. ಒಂಬೈನೂರು ವರ್ಷದ ನಂತರವೂ ಗೈಡುಗಳು ಆ ಹೆಸರನ್ನು ಹೇಳುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾನು ಕಳಿಸಿದ ಸುದ್ದಿಯಲ್ಲೂ ಶಿಲ್ಪಿಗಳ ಹೆಸರಿತ್ತು. ಬಳ್ಳಿಗಾವೆ ಇರುವುದು ಶಿವಮೊಗ್ಗ ಸೀಮೆಯಲ್ಲಿ. ಚನ್ನಗಿರಿ, ಬಸವಾಪಟ್ಟಣ ಇಂದು ದಾವಣಗೆರೆ ಜಿಲ್ಲೆಗೆ ಸೇರಿದ್ದರೂ ರೈಸ್ ಕಾಲಕ್ಕೆ ಅವೂ ಶಿವಮೊಗ್ಗ ಜಿಲ್ಲೆಯವೇ. ಎರಡೂ ಕಡೆಯಿಂದ ಕುಶಲ ಕೆಲಸದವರು ಒಂದೇ ದೇವರಿಗಾಗಿ ಬೇಲೂರಿಗೆ ಬಂದರು. ಕಲ್ಲಿನವರ ಹೆಸರು ಉಳಿಯಿತು. ತೊಗಲಿನವರದು ಊರಿನ ಹೆಸರು ಮಾತ್ರ ಉಳಿಯಿತು.

ಕಲ್ಲು ಉಳಿಯುತ್ತದೆ, ತೊಗಲು ಸವೆಯುತ್ತದೆ, ಅದಕ್ಕೇ ಹೀಗಾಯಿತು ಎನ್ನಬಹುದು. ಅದು ಅರ್ಧ ಮಾತ್ರ ನಿಜ. ಬರೆದಿಡುವವರು ಯಾವ ಕೈಯನ್ನು ಕೈ ಎಂದು ಎಣಿಸಿದರು ಎನ್ನುವುದು ಉಳಿದರ್ಧ.

ಆ ಕೈಗಳು ಬಳಸುತ್ತಿದ್ದ ಸಾಮಗ್ರಿಯೆಲ್ಲ ನಮ್ಮ ಸುತ್ತಲಿನದೇ. ಹಳೇ ಮೈಸೂರು ಸೀಮೆಯಲ್ಲಿ ತೊಗಲು ಹದ ಮಾಡಲು ಮುಖ್ಯವಾಗಿ ಬೇಕಾಗಿದ್ದದ್ದು ಆವರಿಕೆ ಗಿಡದ ತೊಗಟೆ. ಹಳದಿ ಹೂ ಬಿಡುವ ಈ ಗಿಡ ಒಣ ಬಯಲಿನಲ್ಲಿ ಚೆನ್ನಾಗಿ ಬರುತ್ತದೆ. ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಕಡೆ ಕಾಫಿ ತೋಟದ ಮಲೆನಾಡಾದರೆ, ಅರಸೀಕೆರೆ ಕಡೆಗೆ ಹೋದಂತೆ ಬಯಲು ಸೀಮೆ. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ಚರ್ಮವನ್ನು ವಾರಗಟ್ಟಲೆ ತೊಗಟೆಯ ನೀರಿನಲ್ಲಿ ಇಡುತ್ತಿದ್ದರು. ಅಳಲೆಕಾಯಿಯನ್ನೂ ಬಳಸುತ್ತಿದ್ದರು. ಹೀಗೆ ತೊಗಟೆಯಲ್ಲಿ ಹದವಾದ ತೊಗಲಿಗೆ ಮಾತ್ರ ಅಂಚು ಉಜ್ಜುವ ಕೆಲಸ ಒಗ್ಗುತ್ತದೆ. ಆವರಿಕೆ ತೊಗಟೆಯಲ್ಲಿ ಹದ ಮಾಡಿದ ದಕ್ಷಿಣ ಭಾರತದ ತೊಗಲು ಮದ್ರಾಸ್ ಬಂದರಿನಿಂದ ಲಂಡನ್ನಿನವರೆಗೆ ಹೋಗುತ್ತಿತ್ತು. ಮೊದಲ ಮಹಾಯುದ್ಧದ ಸಿಪಾಯಿಗಳ ಬೂಟಿಗೂ ಅದು ಬೇಕಾಯಿತು.

ಮೇಣಕ್ಕೆ ಹೆಜ್ಜೇನು, ತುಡುವೆ. ಜೇನು ಹಿಂಡಿದ ಮೇಲೆ ಉಳಿದ ಹಟ್ಟಿಯನ್ನು ಬಿಸಿ ನೀರಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ, ಆರಲು ಬಿಟ್ಟರೆ ಮೇಣ ಮೇಲೆ ತೇಲಿ ಗಟ್ಟಿಯಾಗುತ್ತದೆ. ಬರೀ ಜೇನುಮೇಣ ಚಳಿಗಾಲದಲ್ಲಿ ಬಿರುಸಾಗಿ ಅಟ್ಟೆ ಬಗ್ಗಿದ ಕಡೆ ಬಿರುಕು ಬಿಡುತ್ತದೆ. ಆದ್ದರಿಂದ ಅದಕ್ಕೆ ಮೆತ್ತಗಾಗಲು ಎಣ್ಣೆಯನ್ನೋ ಕೊಬ್ಬನ್ನೋ ಸೇರಿಸಬೇಕು, ಕಚ್ಚಿ ಹಿಡಿಯಲು ಸ್ವಲ್ಪ ರಾಳ ಸೇರಿಸಬೇಕು. ಅಜ್ಜ ಹೊಂಗೆ ಎಣ್ಣೆ ಹಾಕುತ್ತಿದ್ದರು. ರಾಳವನ್ನು ಬೇಲೂರು ಸಂತೆಯ ದಿನ ಗ್ರಂಥಿಗೆ ಅಂಗಡಿಯಿಂದ ತರುತ್ತಿದ್ದರು. ಒಲೆಯ ಉಜ್ಜಿದ ಮಸಿಯೂ ಸ್ವಲ್ಪ ಸೇರುತ್ತಿತ್ತು. ಉಂಡೆ ಕಪ್ಪಾಗಿರುವುದು ಅದಕ್ಕೇ.

ಈ ಕೆಲಸ ಮೆಟ್ಟಿಗಷ್ಟೇ ಸೀಮಿತವಾಗಿರಲಿಲ್ಲ. ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲ ಚೀಲ, ನೊಗಕ್ಕೆ ಕಟ್ಟುವ ಮಿಣಿ, ಬಾರುಕೋಲು, ಎತ್ತಿನ ಕೊರಳ ಗೆಜ್ಜೆಪಟ್ಟಿ, ತಮಟೆ ಎಲ್ಲವೂ ಅದೇ ಕೇರಿಯಿಂದ ಬರಬೇಕು. ಅಂದರೆ ಇಡೀ ಊರಿನ ಬೇಸಾಯ ನಿಂತಿದ್ದದ್ದು ತೊಗಲಿನ ಮೇಲೆ. ಕೂಲಿ ಎಂದರೆ ಸುಗ್ಗಿಯಲ್ಲಿ ಕಣದ ಬದಿ ನಿಂತರೆ ಸಿಗುವ ಆಯದ ರಾಗಿ. ಎಷ್ಟು ಕೊಟ್ಟರೆ ಅಷ್ಟು. ಕೆಲವು ಕೆಲಸ ಬಿಟ್ಟಿ. ಅಜ್ಜನ ಅಂಚಿನ ಬಗ್ಗೆ ನನಗೆಷ್ಟು ಹೆಮ್ಮೆಯಿದ್ದರೂ, ಇದನ್ನು ಮರೆತು ಆ ಕಾಲವನ್ನು ಚಿನ್ನದ ಕಾಲ ಎಂದು ಬರೆಯಲು ನನ್ನಿಂದಾಗದು.

ಬದಲಾವಣೆ ಹೊರಗಿನಿಂದ ಬಂತು. 1903ರ ಸುಮಾರಿಗೆ ಮದ್ರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರ್ ಕ್ರೋಮ್ ಹದದ ಪ್ರಯೋಗ ಆರಂಭಿಸಿದರು. ಕಪಿಲೆಯ ಚೀಲಕ್ಕೆ ನೀರಿನಲ್ಲಿ ಬೇಗ ಕೊಳೆಯದ ತೊಗಲು ಬೇಕು ಎನ್ನುವುದು ಅದರ ಒಂದು ಉದ್ದೇಶ. 1912ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾದ ವರ್ಷವೇ, ಚಾಟರ್ಟನ್ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಬಂದರು. ವಾರಗಟ್ಟಲೆ ಹಿಡಿಯುತ್ತಿದ್ದ ಹದ ಕ್ರೋಮಿಯಂ ಲವಣದಿಂದ ಒಂದೆರಡು ದಿನದಲ್ಲಿ ಮುಗಿಯಿತು. ಆ ತೊಗಲು ಮೆತ್ತಗೆ, ನೀರಿಗೂ ಬಿಸಿಗೂ ತಡೆಯುತ್ತದೆ. ಆದರೆ ಅದರ ನಾರು ಎಷ್ಟು ಉಜ್ಜಿದರೂ ಮಲಗುವುದಿಲ್ಲ, ಮತ್ತೆ ಎದ್ದು ನಿಲ್ಲುತ್ತದೆ. ಅಂಚನ್ನು ಮಡಚಿ ಹೊಲಿಯಬೇಕು ಅಥವಾ ಬಣ್ಣ ಬಳಿಯಬೇಕು. ಮೇಣದ ಉಂಡೆಗೆ ಅಲ್ಲಿ ಕೆಲಸವಿಲ್ಲ. ತೊಗಟೆಯ ಹದ ಮಾಡುವ ಕಡೆಯೂ ದಕ್ಷಿಣ ಆಫ್ರಿಕಾದ ವಾಟಲ್ ತೊಗಟೆ ಬಂದು ಆವರಿಕೆಯನ್ನು ಹಿಂದಕ್ಕೆ ತಳ್ಳಿತು.

ಆಮೇಲೆ ರಬ್ಬರಿನ ಹವಾಯಿ ಚಪ್ಪಲಿ ಬಂತು. ಪಂಪ್‌ಸೆಟ್ ಬಂದು ಕಪಿಲೆ ನಿಂತಿತು. ಟ್ರ್ಯಾಕ್ಟರ್ ಬಂದು ಮಿಣಿ ನಿಂತಿತು. ನಮ್ಮಪ್ಪ ಕಲಿತದ್ದು ಪಂಪ್‌ಸೆಟ್ ರಿಪೇರಿ. ಅಜ್ಜನ ಕಸುಬನ್ನು ನಿಲ್ಲಿಸಿದ ಯಂತ್ರವೇ ನಮ್ಮನ್ನು ಓದಿಸಿತು. ಮೋಟಾರು ಸುಟ್ಟಾಗ ಅಪ್ಪನನ್ನು ಎಲ್ಲ ಮನೆಯ ಹಿತ್ತಲಿಗೂ ಕರೆಯುತ್ತಾರೆ, "ಮೇಷ್ಟ್ರಿ" ಅನ್ನುತ್ತಾರೆ. ಅಜ್ಜನನ್ನು ಹಾಗೆ ಯಾರೂ ಕರೆದಿರಲಿಲ್ಲ.

ಉತ್ತರ ಕರ್ನಾಟಕದಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ತೊಗಲಿನವರ ಹೆಸರು ಉಳಿದಿದೆ, ಏಕೆಂದರೆ ಹನ್ನೆರಡನೇ ಶತಮಾನದ ಶರಣರು ಅವರನ್ನು ಹೆಸರಿಟ್ಟು ಕರೆದರು. ಹದ ಮಾಡುವ ಡೋಹರ ಕಕ್ಕಯ್ಯ, ಮೆಟ್ಟು ಹೊಲಿಯುವ ಸಮಗಾರ ಹರಳಯ್ಯ, ಮಾದಾರ ಚೆನ್ನಯ್ಯ. ಹರಳಯ್ಯ ಮತ್ತು ಅವನ ಹೆಂಡತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದರೆಂಬ ಕಥೆ ಎಲ್ಲರಿಗೂ ಗೊತ್ತು. ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರೆಂದು ಹೇಳುತ್ತಾರೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆಗೆ ಕಲ್ಯಾಣ ಕೊಟ್ಟ ಶಿಕ್ಷೆಯೂ ಎಲ್ಲರಿಗೂ ಗೊತ್ತು. ಹೆಸರು ಸುಮ್ಮನೆ ಉಳಿಯಲಿಲ್ಲ.

ಅಥಣಿ, ನಿಪ್ಪಾಣಿ ಕಡೆ ತೊಗಟೆಯ ಹದದ ಚಪ್ಪಲಿ ಈಗಲೂ ಆಗುತ್ತಿದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ಅಂಥದೇ ಚಪ್ಪಲಿಯನ್ನು ಹೆಸರು ಹೇಳದೆ ತೋರಿಸಿತು. ಗಲಾಟೆಯಾದ ಮೇಲೆ ಅದರ ಮೂಲ ಭಾರತದ್ದೆಂದು ಒಪ್ಪಿಕೊಂಡಿತು. ನಮ್ಮ ಪತ್ರಿಕೆಗಳೆಲ್ಲ ಸಿಟ್ಟಿನಿಂದ ಬರೆದವು, ನಾನೂ ಓದಿ ಸಿಟ್ಟಾದೆ. ಆಮೇಲೆ ಯೋಚಿಸಿದೆ: ಇಟಲಿಯವರು ಹೆಸರು ಬಿಟ್ಟದ್ದು ಒಂದು ಸೀಸನ್. ನಾವು ಬಿಟ್ಟದ್ದು ಎಷ್ಟು ಕಾಲ?

ಈ ಲೇಖನ ಬರೆಯುತ್ತೇನೆ ಅಂದಾಗ ಅಪ್ಪನಿಗೆ ಇಷ್ಟವಾಗಲಿಲ್ಲ. "ಮಗಳು ಸ್ಕೂಲಿಗೆ ಹೋಗ್ತಾಳೆ, ಯಾಕೆ ಬೇಕು ಇದೆಲ್ಲ" ಅಂದರು. ಅವರ ಭಯ ಸುಳ್ಳಲ್ಲ. ನಾನು ವಾದ ಮಾಡಲಿಲ್ಲ. ಒಂದು ಭಾನುವಾರ ಹಿತ್ತಲಿನಲ್ಲಿ ಕೂತು ಮೇಣ ಕಾಯಿಸಿದೆ. ನೀರು ಕುದಿಯುವ ಪಾತ್ರೆಯೊಳಗೆ ಚಿಕ್ಕ ಡಬ್ಬಿ ಇಟ್ಟು, ನೇರ ಬೆಂಕಿ ತಾಗದಂತೆ. ಜೇನುಮೇಣ ಎರಡು ಪಾಲು, ಹೊಂಗೆ ಎಣ್ಣೆ ಒಂದು ಪಾಲು, ಪುಡಿ ಮಾಡಿದ ರಾಳ ಚಿಟಿಕೆ. ಆರಿದ ಮೇಲೆ ಉಂಡೆ ಕಟ್ಟಲಿಲ್ಲ, ಕೈಗೆ ಅಂಟಿತು. ಅಂಚಿಗೆ ತಿಕ್ಕಿದರೆ ಧೂಳು ಹಿಡಿಯಿತು.

ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. "ಎಣ್ಣೆ ಜಾಸ್ತಿ ಆಯ್ತು. ನಾಕಕ್ಕೆ ಒಂದು ಹಾಕ್ತಿದ್ರು ನಮ್ಮಪ್ಪ. ಚಳಿಗಾಲಕ್ಕೆ ಮಾತ್ರ ಮೂರಕ್ಕೆ ಒಂದು" ಅಂದರು. ಮತ್ತೆ ಮೇಣ ಹಾಕಿ ಕರಗಿಸಿದೆವು. ಮರದ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು, ನನ್ನ ಕ್ಯಾಮೆರಾ ಚೀಲದ ತೊಗಲ ಪಟ್ಟಿಯ ಅಂಚನ್ನು ಅವರೇ ಉಜ್ಜಿದರು. ಅವರಿಗೆ ಈ ಕೆಲಸ ಬರುತ್ತದೆ ಎಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಡಬ್ಬಿ ಈಗ ಅಟ್ಟದ ಮೇಲಿಲ್ಲ. ನಾನು ಸುದ್ದಿ ಬರೆಯುವ ಮೇಜಿನ ಮೇಲಿದೆ.