ಖಡಕ್‌ವಾಸ್ಲಾದ ಚಿನ್ನದ ಪದಕ: ಮೊದಲು ಬಂದವರ ಮುಂದಿನ ಕಥೆ



ಮೇ ತಿಂಗಳ ಕೊನೆ ಅಥವಾ ನವೆಂಬರ್ ಕೊನೆ ಬಂತೆಂದರೆ ಪುಣೆಯ ಪತ್ರಿಕೆಗಳಲ್ಲಿ ಒಂದು ಚಿತ್ರ ತಪ್ಪದೆ ಬರುತ್ತದೆ. ಬಿಳಿ ಅಂಗಿ ತೊಟ್ಟ ಮೂವರು ಕೆಡೆಟ್‌ಗಳು, ಎದೆಯ ಮೇಲೆ ಪದಕ, ಹಿಂದೆ ಗುಮ್ಮಟದ ಕಟ್ಟಡ. ಕರ್ವೆ ರಸ್ತೆಯಿಂದ ವಾರ್ಜೆ, ಉತ್ತಮನಗರ ದಾಟಿದರೆ ಸಿಗುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ಎನ್‌ಡಿಎಯ ಪಾಸಿಂಗ್ ಔಟ್ ಪರೇಡ್ ಅದು. ಮೂರು ವರ್ಷದ ತರಬೇತಿಯಲ್ಲಿ ಒಟ್ಟಾರೆ ಮೊದಲು ಬಂದವರಿಗೆ ರಾಷ್ಟ್ರಪತಿಗಳ ಚಿನ್ನದ ಪದಕ, ನಂತರದ ಇಬ್ಬರಿಗೆ ಬೆಳ್ಳಿ ಮತ್ತು ಕಂಚು. ಎಲ್ಲದರಲ್ಲೂ ಮುಂದಿರುವ ಸ್ಕ್ವಾಡ್ರನ್‌ಗೆ ಚೀಫ್ಸ್ ಆಫ್ ಸ್ಟಾಫ್ ಧ್ವಜ.

ಹಾಗಾದರೆ ಚಿನ್ನ ಗೆದ್ದವರೇ ಮುಂದೆ ಸೇನೆಯನ್ನೂ ಆಳುತ್ತಾರೆಯೇ? ಈ ಪ್ರಶ್ನೆಗೆ ಇತಿಹಾಸ ಕೊಡುವ ಉತ್ತರ ಸ್ವಾರಸ್ಯವಾಗಿದೆ. ಬನ್ನಿ, ಸ್ವಲ್ಪ ಹಿಂದೆ ಹೋಗೋಣ.

ಅತ್ಯುತ್ತಮ ಕೆಡೆಟ್‌ಗೆ ಬಹುಮಾನ ಕೊಡುವ ಪದ್ಧತಿ ನಮಗೆ ಬಂದದ್ದು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಿಂದ. ಅಲ್ಲಿ ಕೊಡುತ್ತಿದ್ದದ್ದು ಗೌರವ ಖಡ್ಗ. 1932ರಲ್ಲಿ ಡೆಹ್ರಾಡೂನಿನಲ್ಲಿ ಭಾರತೀಯ ಮಿಲಿಟರಿ ಅಕಾಡೆಮಿ ಶುರುವಾದಾಗ ಈ ಪದ್ಧತಿಯೂ ಜೊತೆಗೆ ಬಂತು. ಮೊದಲ ತಂಡದಲ್ಲಿ ಸೇರಿದವರು 40 ಮಂದಿ. ಅವರಲ್ಲಿ ಗೌರವ ಖಡ್ಗ ಪಡೆದವರು ಬರ್ಮಾದ ಕರೆನ್ ಜನಾಂಗದ ಸ್ಮಿತ್ ಡನ್. ಬಹಳ ಕುಳ್ಳಗಿನ ಮನುಷ್ಯ. ತಮ್ಮ ಆತ್ಮಕಥೆಗೆ ‘ನಾಲ್ಕಡಿ ಕರ್ನಲ್’ ಎಂದು ತಾವೇ ತಮಾಷೆಯಾಗಿ ಹೆಸರಿಟ್ಟುಕೊಂಡವರು. ಅದೇ ತಂಡದಲ್ಲಿ ಖಡ್ಗ ಸಿಗದ ಇನ್ನಿಬ್ಬರಿದ್ದರು. ಒಬ್ಬರು ಸ್ಯಾಮ್ ಮಾಣೆಕ್‌ಷಾ, ಇನ್ನೊಬ್ಬರು ಮುಹಮ್ಮದ್ ಮೂಸಾ.

ಮುಂದೇನಾಯಿತು ನೋಡಿ. ಮೂವರೂ ಮೂರು ದೇಶಗಳ ಸೇನಾ ಮುಖ್ಯಸ್ಥರಾದರು. ಸ್ಮಿತ್ ಡನ್ 1948ರಲ್ಲಿ ಸ್ವತಂತ್ರ ಬರ್ಮಾದ ಸೇನೆಯ ಮುಖ್ಯಸ್ಥರಾದರು. ಆದರೆ ಮರುವರ್ಷವೇ ಕರೆನ್ ದಂಗೆ ಎದ್ದಾಗ, ಕರೆನ್ ಆಗಿದ್ದ ಅವರನ್ನು ಆ ಹುದ್ದೆಯಿಂದ ಇಳಿಸಲಾಯಿತು. ಮೂಸಾ ಪಾಕಿಸ್ತಾನದ ಸೇನೆಯನ್ನು ನಡೆಸಿದರು. ಮಾಣೆಕ್‌ಷಾ 1971ರ ಯುದ್ಧ ಗೆದ್ದು, 1973ರಲ್ಲಿ ನಮ್ಮ ಮೊದಲ ಫೀಲ್ಡ್ ಮಾರ್ಷಲ್ ಆದರು. ಖಡ್ಗ ಪಡೆದವನ ಯೋಗ್ಯತೆಯಲ್ಲಿ ಕೊರತೆ ಇರಲಿಲ್ಲ. ಕಾಲ ಬೇರೆ ಲೆಕ್ಕ ಹಾಕಿತ್ತು, ಅಷ್ಟೇ.

ಈಗ ನಮ್ಮ ಖಡಕ್‌ವಾಸ್ಲಾಕ್ಕೆ ಬರೋಣ. ಎರಡನೆಯ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾದಲ್ಲಿ ಹೋರಾಡಿದ ಭಾರತೀಯ ಸೈನಿಕರ ನೆನಪಿಗಾಗಿ ಸುಡಾನ್ ಸರ್ಕಾರ ಒಂದು ಲಕ್ಷ ಪೌಂಡ್ ಕೊಟ್ಟಿತ್ತು. ದೇಶ ವಿಭಜನೆಯಾದಾಗ ನಮ್ಮ ಪಾಲಿಗೆ ಬಂದದ್ದು 70,000 ಪೌಂಡ್. ಅಕಾಡೆಮಿಯ ಮುಖ್ಯ ಕಟ್ಟಡಕ್ಕೆ ‘ಸುಡಾನ್ ಬ್ಲಾಕ್’ ಎಂದು ಹೆಸರು ಬಂದದ್ದು ಹೀಗೆ. ಕೆರೆಯ ದಂಡೆಯಲ್ಲಿ ಯುದ್ಧಕಾಲದ ಹಳೆಯ ತರಬೇತಿ ಕೇಂದ್ರವೊಂದು ಮೊದಲೇ ಇತ್ತು. ದೋಣಿ ನಡೆಸಲು ನೀರು, ಓಡಲು ಗುಡ್ಡ, ಹತ್ತಿರದಲ್ಲೇ ಲೋಹಗಾಂವ್ ವಿಮಾನ ನಿಲ್ದಾಣ. ಮುಂಬಯಿ ಸರ್ಕಾರ ಜಾಗ ಕೊಟ್ಟಿತು. 1949ರ ಅಕ್ಟೋಬರ್ 6ರಂದು ನೆಹರೂ ಶಂಕುಸ್ಥಾಪನೆ ಮಾಡಿದರು. 1955ರ ಜನವರಿ 16ರಂದು ಉದ್ಘಾಟನೆಯಾಯಿತು.

ಅಂದ ಹಾಗೆ, ಕಟ್ಟಡ ಏಳುವ ಮೊದಲೇ ಪಾಠ ಶುರುವಾಗಿತ್ತು. 1949ರ ಜನವರಿ 1ರಂದು ಡೆಹ್ರಾಡೂನಿನಲ್ಲಿ ‘ಜಾಯಿಂಟ್ ಸರ್ವಿಸಸ್ ವಿಂಗ್’ ಎಂಬ ಹೆಸರಿನಲ್ಲಿ ಮೊದಲ ತಂಡ ಸೇರಿತು. ಎರಡೇ ವಾರದಲ್ಲಿ, ಜನವರಿ 15ರಂದು, ನಮ್ಮ ಕೊಡಗಿನ ಕಾರಿಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ಮೊದಲ ತಂಡದಿಂದಲೇ ಜನರಲ್ ರೊಡ್ರಿಗಸ್, ಅಡ್ಮಿರಲ್ ರಾಮದಾಸ್, ಏರ್ ಚೀಫ್ ಮಾರ್ಷಲ್ ಸೂರಿ ಬಂದರು. 1990ರ ದಶಕದ ಆರಂಭದಲ್ಲಿ ಈ ಮೂವರು ಸಹಪಾಠಿಗಳು ಒಂದೇ ಕಾಲದಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆಗಳ ಮುಖ್ಯಸ್ಥರಾಗಿದ್ದರು. ಒಂದು ತಂಡದಲ್ಲಿ ಮೊದಲ ಸ್ಥಾನ ಒಬ್ಬರಿಗೇ ಸಿಗುವುದು. ಆದರೆ ಆ ತಂಡ ದೇಶಕ್ಕೆ ಮೂವರು ಮುಖ್ಯಸ್ಥರನ್ನು ಕೊಟ್ಟಿತು!

ಚಿನ್ನದ ಪದಕ ಸುಮ್ಮನೆ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಆರು ಟರ್ಮ್‌ಗಳ ಓದು, ಕವಾಯತು, ಶಿಬಿರ, ಆಟ, ನಾಯಕತ್ವದ ಗುಣ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬರೀ ಪುಸ್ತಕದ ಹುಳುವಿಗೂ ಸಿಗದು, ಬರೀ ಓಟಗಾರನಿಗೂ ಸಿಗದು. ಆದರೆ ಪರೇಡ್ ಮುಗಿದ ಮೇಲೆ ಭೂಸೇನೆಯವರು ಡೆಹ್ರಾಡೂನಿಗೆ, ನೌಕಾಪಡೆಯವರು ಎಳಿಮಲಕ್ಕೆ, ವಾಯುಪಡೆಯವರು ದುಂಡಿಗಲ್‌ಗೆ ಹೊರಡುತ್ತಾರೆ. ಅಲ್ಲಿ ಚಿನ್ನ ಗೆದ್ದವನೂ ಮತ್ತೆ ಹೊಸಬನೇ.

ಅಳತೆಗೋಲು ಎಲ್ಲವನ್ನೂ ಅಳೆಯಲಾರದು ಎಂಬುದಕ್ಕೆ ಇನ್ನೊಂದು ಉದಾಹರಣೆ ಕೊಡಲೇ? ಗುರ್ಬಚನ್ ಸಿಂಗ್ ಸಲಾರಿಯಾ ಎಂಬ ಹುಡುಗ ಬೆಂಗಳೂರಿನ ಕಿಂಗ್ ಜಾರ್ಜ್ ಮಿಲಿಟರಿ ಶಾಲೆಗೆ ಸೇರಲು ಬಂದಾಗ, ಎದೆಯ ಸುತ್ತಳತೆ ಸಾಲದೆಂದು ಮೊದಲು ವಾಪಸು ಕಳಿಸಿದ್ದರು. ಹುಡುಗ ವ್ಯಾಯಾಮ ಮಾಡಿ ಮತ್ತೆ ಬಂದ, 1946ರಲ್ಲಿ ಸೇರಿದ. ಮುಂದೆ ಎನ್‌ಡಿಎ ಸೇರಿ ಅಧಿಕಾರಿಯಾದ ಸಲಾರಿಯಾ 1961ರ ಡಿಸೆಂಬರ್ 5ರಂದು ಕಾಂಗೋದಲ್ಲಿ ವಿಶ್ವಸಂಸ್ಥೆಯ ಪರವಾಗಿ ಹೋರಾಡುತ್ತಾ ಮಡಿದರು. ಪರಮವೀರ ಚಕ್ರ ಪಡೆದ ಎನ್‌ಡಿಎಯ ಮೊದಲ ವಿದ್ಯಾರ್ಥಿ ಅವರೇ. ಎದೆ ಸಾಲದೆಂದು ತಿರಸ್ಕರಿಸಿದ್ದ ಹುಡುಗ!

ಪುಣೆಯಲ್ಲೇ ಹುಟ್ಟಿದ ಅರುಣ್ ಖೇತರ್‌ಪಾಲ್ 1971ರ ಜೂನ್‌ನಲ್ಲಿ ಪೂನಾ ಹಾರ್ಸ್ ರೆಜಿಮೆಂಟಿಗೆ ಸೇರಿದರು. ಆರು ತಿಂಗಳಾಗಿತ್ತು, ವಯಸ್ಸು 21. ಡಿಸೆಂಬರ್ 16ರಂದು ಬಸಂತರ್ ಕಾಳಗದಲ್ಲಿ ಅವರ ಟ್ಯಾಂಕಿಗೆ ಬೆಂಕಿ ಹತ್ತಿತು. ಬಿಟ್ಟು ಬರಲು ಆಜ್ಞೆ ಬಂದರೂ ಬರಲಿಲ್ಲ. ಇಂದು ಚಿನ್ನದ ಪದಕ ಕೊಡುವ ಮೈದಾನಕ್ಕೆ ಇರುವುದು ಅವರ ಹೆಸರು.

ಇನ್ನೊಂದು ಮಾತು. ‘ಮೊದಲು ಬಂದವರು’ ಎನ್ನುವಾಗ ಸ್ಪರ್ಧೆಯಲ್ಲಿ ಯಾರಿಗೆ ಅವಕಾಶವಿತ್ತು ಎಂದೂ ಕೇಳಬೇಕಲ್ಲವೇ? ಏಳು ದಶಕಗಳ ಕಾಲ ಈ ಪದಕದ ಓಟದಲ್ಲಿ ದೇಶದ ಅರ್ಧ ಮಕ್ಕಳು ಇರಲೇ ಇಲ್ಲ. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೆಣ್ಣುಮಕ್ಕಳಿಗೂ ಪ್ರವೇಶ ಪರೀಕ್ಷೆ ಬರೆಯಲು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. 2022ರಲ್ಲಿ ಮೊದಲ ತಂಡ ಸೇರಿತು. 2025ರ ಮೇ 30ರಂದು 17 ಯುವತಿಯರು ಗಂಡುಮಕ್ಕಳ ಜೊತೆ ಹೆಜ್ಜೆ ಹಾಕಿ ಹೊರಬಂದರು. ಚಿನ್ನ, ಬೆಳ್ಳಿ, ಕಂಚು ಆ ಸಲ ಹುಡುಗರಿಗೇ ಹೋದವು. ಆದರೆ ಕಲಾ ವಿಭಾಗದ ಓದಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು ಒಬ್ಬ ಹುಡುಗಿ. ಬಾಗಿಲು ತೆರೆದ ಮೊದಲ ತಂಡದಲ್ಲೇ!

ಅಕಾಡೆಮಿಯ ಆವರಣದಲ್ಲಿ ‘ಹಟ್ ಆಫ್ ರಿಮೆಂಬರೆನ್ಸ್’ ಎಂಬ ಪುಟ್ಟ ಸ್ಮಾರಕವಿದೆ. ಕೆಡೆಟ್‌ಗಳೇ ಶ್ರಮದಾನ ಮಾಡಿ ಕಟ್ಟಿದ್ದು. ಇಲ್ಲಿ ಕಲಿತು, ಕರ್ತವ್ಯದಲ್ಲಿ ಪ್ರಾಣ ಕೊಟ್ಟವರ ಹೆಸರುಗಳು ಅಲ್ಲಿವೆ. ಪರೇಡ್ ಮೈದಾನದಲ್ಲಿ ಒಂದು, ಎರಡು, ಮೂರು ಎಂಬ ಕ್ರಮ ಉಂಟು. ಅಲ್ಲಿ ಅದಿಲ್ಲ.

ನಿಮ್ಮ ಮನೆಯ ಮಗನೋ ಮಗಳೋ ವಿಜಯಪುರ ಅಥವಾ ಕೊಡಗಿನ ಸೈನಿಕ ಶಾಲೆಯಲ್ಲಿ ಓದುತ್ತಾ ಖಡಕ್‌ವಾಸ್ಲಾದ ಕನಸು ಕಾಣುತ್ತಿರಬಹುದು. ಪದಕಕ್ಕಾಗಿ ಬೆವರು ಸುರಿಸಲಿ, ತಪ್ಪೇನಿಲ್ಲ. ಸಿಗದಿದ್ದರೆ ಮಾಣೆಕ್‌ಷಾ ಅವರ ಕಥೆ ಹೇಳಿ. ಸಿಕ್ಕರೆ ಸ್ಮಿತ್ ಡನ್ ಅವರ ಕಥೆಯನ್ನೂ ಹೇಳಲು ಮರೆಯಬೇಡಿ.