ಓಟದ ನಾಯಿಗಳು ಮತ್ತು ಸಾರ್ವಜನಿಕರ ಹಣ: ಐರ್ಲೆಂಡಿನ ಒಂದು ಪಾಠ



ಸಂಘದ ವಾರ್ಷಿಕ ಮಹಾಸಭೆಯಲ್ಲಿ ಜಮಾ-ಖರ್ಚಿನ ಪಟ್ಟಿ ಓದುವಾಗ ಸದಸ್ಯರು ಎದ್ದು ಪ್ರಶ್ನೆ ಕೇಳುವುದನ್ನು ನೀವು ನೋಡಿರಬಹುದು. ಹಣ ಎಲ್ಲಿಗೆ ಹೋಯಿತು, ಅದರಿಂದ ಆದ ಕೆಲಸವೇನು ಎಂದು ಕೇಳುವುದು ಹಣ ಕೊಟ್ಟವರ ಹಕ್ಕು. ಒಂದು ಸಂಘಕ್ಕೆ ಅನ್ವಯಿಸುವ ಈ ಮಾತು ಒಂದು ದೇಶಕ್ಕೂ ಅನ್ವಯಿಸುತ್ತದೆ. ಐರ್ಲೆಂಡಿನ ನಾಯಿ ಓಟದ ಚರಿತ್ರೆಯನ್ನು ಓದಿದರೆ ಇದು ಚೆನ್ನಾಗಿ ಮನವರಿಕೆಯಾಗುತ್ತದೆ.

ಈ ಓಟಕ್ಕೆ ಬಳಸುವ ನಾಯಿಯ ತಳಿ ಗ್ರೇಹೌಂಡ್. ನಮ್ಮ ಮುಧೋಳ ನಾಯಿಯನ್ನು ಕಂಡವರಿಗೆ ಅದರ ರೂಪ ಊಹಿಸುವುದು ಕಷ್ಟವಲ್ಲ. ಉದ್ದ ಕಾಲು, ಸಣ್ಣ ನಡು, ಆಳವಾದ ಎದೆ. ಗಂಟೆಗೆ 60 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡಬಲ್ಲದು. ಮೊದಲು ಬಯಲಿನಲ್ಲಿ ಜೀವಂತ ಮೊಲವನ್ನು ಬಿಟ್ಟು ಅದರ ಹಿಂದೆ ನಾಯಿಗಳನ್ನು ಓಡಿಸುವ ಪದ್ಧತಿ ಇತ್ತು. ಅಮೆರಿಕದ ಓವನ್ ಪ್ಯಾಟ್ರಿಕ್ ಸ್ಮಿತ್ ಎಂಬಾತ ಹಳಿಯ ಮೇಲೆ ಓಡುವ ಯಂತ್ರದ ಮೊಲವನ್ನು ರೂಪಿಸಿ, 1919ರಲ್ಲಿ ಕ್ಯಾಲಿಫೋರ್ನಿಯಾದ ಎಮರಿವಿಲ್‌ನಲ್ಲಿ ಓಟದ ಅಂಗಣ ತೆರೆದನು. ಮೊಲಗಳು ಸಾಯುವುದನ್ನು ತಪ್ಪಿಸುವ ಆಸೆಯೂ ಅವನಿಗಿತ್ತೆಂದು ಹೇಳುತ್ತಾರೆ. ಮೊಲದ ಮೇಲಿನ ಕನಿಕರದಿಂದ ಬಂದ ಯಂತ್ರ ಮುಂದೆ ನಾಯಿಯ ಪಾಲಿಗೆ ಏನಾಯಿತು ಎಂಬುದೇ ಈ ಲೇಖನದ ವಿಷಯ.

1926ರ ಜುಲೈಯಲ್ಲಿ ಈ ಓಟ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಬಂತು. ಮರುವರ್ಷವೇ ಬೆಲ್‌ಫಾಸ್ಟಿನಲ್ಲಿ ಸೆಲ್ಟಿಕ್ ಪಾರ್ಕ್, ಡಬ್ಲಿನ್‌ನಲ್ಲಿ ಶೆಲ್ಬೋರ್ನ್ ಪಾರ್ಕ್ ಅಂಗಣಗಳು ಆರಂಭವಾದವು. ರೇಸ್ ಕುದುರೆ ಸಾಕುವುದು ಶ್ರೀಮಂತರ ಕೆಲಸ. ನಾಯಿಯನ್ನಾದರೆ ಸಣ್ಣ ರೈತನೂ ಕೂಲಿಕಾರನೂ ಸಾಕಬಹುದಿತ್ತು. ಐರ್ಲೆಂಡಿನಲ್ಲಿ ಹುಟ್ಟಿದ ಮಿಕ್ ದಿ ಮಿಲ್ಲರ್ ಎಂಬ ನಾಯಿ 1929 ಮತ್ತು 1930ರಲ್ಲಿ ಇಂಗ್ಲಿಷ್ ಡರ್ಬಿ ಗೆದ್ದಾಗ ಅದು ಜನರಿಗೆ ಅಭಿಮಾನದ ಸಂಗತಿಯಾಯಿತು. ಆದ್ದರಿಂದ ಈ ಓಟವನ್ನು ಕೇವಲ ಜೂಜು ಎಂದು ತಳ್ಳಿಹಾಕುವುದು ಸರಿಯಲ್ಲ. ಹಳ್ಳಿಯ ಎಷ್ಟೋ ಕುಟುಂಬಗಳ ಸಂಪಾದನೆ, ಸಂತೋಷ ಎರಡೂ ಇದರಲ್ಲಿ ಇದ್ದವು.

1958ರಲ್ಲಿ ಕಾನೂನು ಮಾಡಿ ಈ ಉದ್ಯಮದ ಮೇಲ್ವಿಚಾರಣೆಗೆ ಸರ್ಕಾರಿ ಮಂಡಳಿಯೊಂದನ್ನು ರಚಿಸಲಾಯಿತು. 2001ರ ಕಾಯ್ದೆಯಿಂದ ಕುದುರೆ ಮತ್ತು ನಾಯಿ ಓಟಗಳಿಗಾಗಿ ಸರ್ಕಾರದ ವಿಶೇಷ ನಿಧಿ ಸ್ಥಾಪನೆಯಾಯಿತು. ಅದರಲ್ಲಿ ಶೇಕಡ 80 ಕುದುರೆ ಓಟಕ್ಕೆ, ಶೇಕಡ 20 ನಾಯಿ ಓಟಕ್ಕೆ. 2019ರಲ್ಲಿ ಈ ನಿಧಿ 8 ಕೋಟಿ 40 ಲಕ್ಷ ಯೂರೋ; ನಾಯಿ ಓಟದ ಪಾಲು 1 ಕೋಟಿ 68 ಲಕ್ಷ ಯೂರೋ.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಬಹುಮಾನದ ಹಣ ಹೆಚ್ಚಿದಂತೆ ವೇಗದ ನಾಯಿಯ ಆಸೆಯಿಂದ ಹೆಚ್ಚು ಮರಿಗಳನ್ನು ಹುಟ್ಟಿಸುತ್ತಾರೆ. ಹುಟ್ಟಿದ್ದೆಲ್ಲವೂ ವೇಗವಾಗಿ ಓಡುವುದಿಲ್ಲ. ಓಡುವ ನಾಯಿಯೂ ನಾಲ್ಕೈದು ವರ್ಷಕ್ಕೆ ಅಂಗಣ ಬಿಡುತ್ತದೆ. ಅದರ ಆಯುಸ್ಸು ಹತ್ತು ವರ್ಷಕ್ಕೂ ಹೆಚ್ಚು. ಉಳಿದ ವರ್ಷಗಳಲ್ಲಿ ಅದಕ್ಕೆ ಅನ್ನ ಹಾಕುವವರು ಯಾರು?

2011ರಲ್ಲಿ ಗ್ರೇಹೌಂಡ್‌ಗಳ ಕ್ಷೇಮಕ್ಕಾಗಿಯೇ ಒಂದು ಕಾಯ್ದೆ ಬಂತು. ಆದರೂ ಓಟ ಮುಗಿದ ಮೇಲೆ ಪ್ರತಿಯೊಂದು ನಾಯಿ ಎಲ್ಲಿಗೆ ಹೋಯಿತು ಎಂಬುದರ ಪೂರ್ಣ ದಾಖಲೆ ಇರಲಿಲ್ಲ. 2019ರ ಜೂನ್‌ನಲ್ಲಿ ಐರ್ಲೆಂಡಿನ ಸಾರ್ವಜನಿಕ ದೂರದರ್ಶನವಾದ ಆರ್‌ಟಿಇ ಒಂದು ತನಿಖಾ ಕಾರ್ಯಕ್ರಮ ಪ್ರಸಾರ ಮಾಡಿತು. ಮಂಡಳಿಯೇ 2017ರಲ್ಲಿ ಮಾಡಿಸಿದ್ದ ವರದಿಯೊಂದು ಅದರಲ್ಲಿ ಬೆಳಕಿಗೆ ಬಂತು. ವರ್ಷಕ್ಕೆ ಸುಮಾರು 16 ಸಾವಿರ ಮರಿಗಳು ಹುಟ್ಟುತ್ತವೆ, ವೇಗ ಸಾಲದೆಂದು ಸುಮಾರು 6 ಸಾವಿರ ನಾಯಿಗಳನ್ನು ಕೊಲ್ಲಲಾಗುತ್ತದೆ ಎಂಬುದು ಅದರ ಅಂದಾಜು. ಜನ ದಿಗ್ಭ್ರಮೆಗೊಂಡರು. ಕೆಲವು ಕಂಪನಿಗಳು ಪ್ರಾಯೋಜಕತ್ವವನ್ನು ಹಿಂತೆಗೆದುಕೊಂಡವು. ಯೂರೋಗಳಿಗೆ ವರ್ಷವರ್ಷವೂ ಲೆಕ್ಕವಿತ್ತು, ನಾಯಿಗಳಿಗೆ ಇರಲಿಲ್ಲ.

ಆಮೇಲೆ ಸುಧಾರಣೆಗಳು ನಡೆದದ್ದು ನಿಜ. ನಾಯಿಯನ್ನು ಹುಟ್ಟಿನಿಂದ ಕೊನೆಯವರೆಗೆ ಗುರುತಿಸುವ ಗಣಕೀಕೃತ ವ್ಯವಸ್ಥೆ 2021ರಲ್ಲಿ ಬಂತು. ನಿವೃತ್ತ ನಾಯಿಗಳಿಗೆ ಆರೈಕೆ ನಿಧಿ, ಆರೈಕೆ ಕೇಂದ್ರಗಳು ಆದವು. ಅನುದಾನ ಮಾತ್ರ ಕಡಿಮೆಯಾಗಲಿಲ್ಲ. 2025ರ ನಿಧಿ 9 ಕೋಟಿ 91 ಲಕ್ಷ ಯೂರೋ. ನಾಯಿ ಓಟಕ್ಕೆ 1 ಕೋಟಿ 98 ಲಕ್ಷ ಯೂರೋ. ಹಣವಿದ್ದರೆ ತಾನೇ ಆರೈಕೆ ಸಾಧ್ಯ ಎಂದು ಒಂದು ಪಕ್ಷ ಹೇಳುತ್ತದೆ. ಹಣ ನಿಲ್ಲಿಸಿದರೆ ಆರೈಕೆ ಬೇಕಾಗುವಷ್ಟು ನಾಯಿಗಳೇ ಹುಟ್ಟುವುದಿಲ್ಲ ಎಂದು ಇನ್ನೊಂದು ಪಕ್ಷ ಉತ್ತರಿಸುತ್ತದೆ.

ಬೇರೆ ದೇಶಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2016ರ ಜುಲೈಯಲ್ಲಿ ನಿಷೇಧ ಪ್ರಕಟಿಸಿ, ಗ್ರಾಮೀಣ ಜನರ ವಿರೋಧದಿಂದ ಅಕ್ಟೋಬರ್‌ನಲ್ಲಿಯೇ ಅದನ್ನು ಕೈಬಿಟ್ಟಿತು. ನ್ಯೂಜಿಲೆಂಡ್ 2024ರ ಡಿಸೆಂಬರ್‌ನಲ್ಲಿ ನಿಷೇಧ ಪ್ರಕಟಿಸುವಾಗ ಓಟವನ್ನು ಹಂತಹಂತವಾಗಿ ಮುಗಿಸಲು 20 ತಿಂಗಳ ಕಾಲಾವಕಾಶ ನೀಡಿತು. ನಾಯಿಗಳಿಗೆ ಮನೆ ಹುಡುಕಲು, ಜನರಿಗೆ ಬೇರೆ ಕೆಲಸ ಹುಡುಕಲು ಆ ಸಮಯ. ಎರಡು ಜೀವಗಳ ಚಿಂತೆಯನ್ನೂ ಒಟ್ಟಿಗೆ ಮಾಡಿದ ಆ ಕ್ರಮ ನನಗೆ ಹೆಚ್ಚು ವಿವೇಕದ್ದೆಂದು ತೋರುತ್ತದೆ.

ನಮ್ಮ ರಾಜ್ಯದಲ್ಲಿಯೂ ಕಂಬಳದ ಬಗ್ಗೆ ದೀರ್ಘ ಚರ್ಚೆ ನಡೆದು, 2017ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಂಬಳದ ಕೋಣ ಬೇರೆ, ಐರ್ಲೆಂಡಿನ ಗ್ರೇಹೌಂಡ್ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ. ಆದರೆ ಯಾವುದೇ ಓಟಕ್ಕೆ ಖಜಾನೆಯಿಂದ ಹಣ ಹೋದಾಗ, ಓಡುವ ಪ್ರಾಣಿಯ ಯೋಗಕ್ಷೇಮದ ಲೆಕ್ಕವನ್ನೂ ಕೇಳುವುದು ತೆರಿಗೆ ಕಟ್ಟುವ ನಮ್ಮೆಲ್ಲರ ಹೊಣೆ. ಆ ಮೂಕ ಪ್ರಾಣಿ ಮಹಾಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಲಾರದು. ಅದರ ಪರವಾಗಿ ನಾವೇ ಕೇಳಬೇಕು.