ಭಾರತ ಸರಕಾರದ ಸಮಾಜ ಕಲ್ಯಾಣ ಮಂತ್ರಾಲಯ: ಹೆಸರು ಮತ್ತು ಹೊಣೆಗಳ ಇತಿಹಾಸ

ಆಡಳಿತದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಂದಾಯ, ಸೈನ್ಯ, ನ್ಯಾಯಸ್ಥಾನ ಇವುಗಳ ಕಡೆಗೇ ಹೆಚ್ಚಿನ ಗಮನ ಕೊಡುತ್ತಾರೆ. ಅನಾಥರು, ವೃದ್ಧರು, ಅಂಗವಿಕಲರು ಮೊದಲಾದವರ ಪೋಷಣೆಗೆ ಅಂಥ ಗ್ರಂಥಗಳಲ್ಲಿ ದೊರೆಯುವ ಸ್ಥಳ ಅತ್ಯಲ್ಪ. ಇದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ದೇಶದಲ್ಲಿ ಬಹುಕಾಲ ಈ ಕಾರ್ಯವು ಕುಟುಂಬ, ಜಾತಿ, ಮಠ, ಛತ್ರ ಇವುಗಳ ಪಾಲಿಗೆ ಬಿಟ್ಟದ್ದಾಗಿತ್ತು. ಸರಕಾರವು ಕ್ಷಾಮ ಬಂದಾಗ ಗಂಜಿಕೇಂದ್ರವನ್ನು ತೆರೆಯುತ್ತಿತ್ತೇ ಹೊರತು, ನಿತ್ಯದ ದೈನ್ಯವನ್ನು ತನ್ನ ಹೊಣೆಯೆಂದು ಎಣಿಸಿರಲಿಲ್ಲ. ಸ್ವಾತಂತ್ರ್ಯಾನಂತರ ಈ ಹೊಣೆಯು ಕೇಂದ್ರ ಸರಕಾರದ ಒಂದು ಮಂತ್ರಾಲಯದ ರೂಪವನ್ನು ತಾಳಿದ ಬಗೆಯನ್ನೂ, ಅನಂತರ ಅದು ಹಲವಾಗಿ ಒಡೆದ ಬಗೆಯನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಮೊದಲು ರಾಜ್ಯಾಂಗವನ್ನು ನೋಡಬೇಕು. 38ನೆಯ ಅನುಚ್ಛೇದವು ಜನತೆಯ ಕ್ಷೇಮವನ್ನು ಸಾಧಿಸುವುದು ರಾಜ್ಯದ ಕರ್ತವ್ಯವೆಂದು ಹೇಳುತ್ತದೆ. 41ನೆಯದು ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯ ಇವುಗಳಿಗೆ ಒಳಗಾದವರಿಗೆ ಸಾರ್ವಜನಿಕ ನೆರವು ದೊರೆಯಬೇಕೆನ್ನುತ್ತದೆ. ಆದರೆ ರಾಜ್ಯದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಕಟ್ಟನ್ನೂ ಹಾಕುತ್ತದೆ. ಇವು ನಿರ್ದೇಶಕ ತತ್ತ್ವಗಳಾದುದರಿಂದ ನ್ಯಾಯಾಲಯದ ಮೂಲಕ ಇವನ್ನು ಜಾರಿಗೆ ತರಿಸಲು ಬಾರದು. ಇನ್ನು ಏಳನೆಯ ಅನುಸೂಚಿಯಲ್ಲಿ ಅಧಿಕಾರಗಳ ಹಂಚಿಕೆಯನ್ನು ನೋಡಿದರೆ, ಅಂಗವಿಕಲರಿಗೂ ದುಡಿಯಲಾರದವರಿಗೂ ಪರಿಹಾರ ನೀಡುವುದು ರಾಜ್ಯಪಟ್ಟಿಯ 9ನೆಯ ವಿಷಯ. ಸಾಮಾಜಿಕ ಭದ್ರತೆ ಮತ್ತು ವಿಮೆ ಸಮವರ್ತಿ ಪಟ್ಟಿಯ 23ನೆಯ ವಿಷಯ. ಎಂದರೆ ದುಡಿಯುವವನ ಭದ್ರತೆಯಲ್ಲಿ ಕೇಂದ್ರಕ್ಕೆ ಪಾಲುಂಟು, ದುಡಿಯಲಾರದವನ ಪರಿಹಾರ ಮಾತ್ರ ರಾಜ್ಯಗಳದು. ಕಾರ್ಖಾನೆಯ ಕಾರ್ಮಿಕರಿಗೆ 1948ರಲ್ಲಿಯೇ ರಾಜ್ಯ ವಿಮಾ ಕಾನೂನು, 1952ರಲ್ಲಿ ಭವಿಷ್ಯನಿಧಿಯ ಕಾನೂನು ಬಂದವು. ಹೊಲದ ಕೂಲಿಯವನಿಗೂ ನಿರ್ಗತಿಕ ವಿಧವೆಗೂ ಅಂಥ ಕಾನೂನು ಆಗ ಬರಲಿಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಮುಂದಿನ ಇತಿಹಾಸವು ತಿಳಿಯುವಂತಿಲ್ಲ.

ಈ ಕೊರತೆಯನ್ನು ತುಂಬಲು ಕೇಂದ್ರವು ಮೊದಲು ಹಿಡಿದದ್ದು ಮಂತ್ರಾಲಯದ ಮಾರ್ಗವನ್ನಲ್ಲ, ಮಂಡಲಿಯ ಮಾರ್ಗವನ್ನು. 1953ರ ಆಗಸ್ಟ್ ತಿಂಗಳಿನಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಲಿಯು ಸ್ಥಾಪಿತವಾಯಿತು. ರಾಜ್ಯಾಂಗ ಸಭೆಯ ಸದಸ್ಯೆಯಾಗಿದ್ದು, ಅನಂತರ ಯೋಜನಾ ಆಯೋಗದಲ್ಲಿ ಕೆಲಸ ಮಾಡಿದ ಶ್ರೀಮತಿ ದುರ್ಗಾಬಾಯಿ ದೇಶಮುಖರು ಅದರ ಮೊದಲ ಅಧ್ಯಕ್ಷೆ. ಮದರಾಸಿನಲ್ಲಿ ಆಂಧ್ರ ಮಹಿಳಾ ಸಭೆಯನ್ನು ಕಟ್ಟಿ ಬೆಳೆಸಿದ ಅವರಿಗೆ ಸ್ವಯಂಸೇವಾ ಸಂಸ್ಥೆಗಳ ಶಕ್ತಿಯೂ ಅವುಗಳ ಬಡತನವೂ ಚೆನ್ನಾಗಿ ತಿಳಿದಿದ್ದುವು. ಸರಕಾರವು ಹಣ ಕೊಡಬೇಕು, ಕೆಲಸವನ್ನು ಜನರ ಸಂಸ್ಥೆಗಳು ಮಾಡಬೇಕು ಎಂಬುದು ಮಂಡಲಿಯ ಮೂಲತತ್ತ್ವ. ಬಾಲವಾಡಿ, ಹೆರಿಗೆಯ ನೆರವು, ಹೆಂಗಸರಿಗೆ ಕೈಕಸಬು ಮತ್ತು ಅಕ್ಷರಾಭ್ಯಾಸ ಇವು 1954ರಿಂದ ಕಲ್ಯಾಣ ವಿಸ್ತರಣ ಯೋಜನೆಗಳ ಮೂಲಕ ಹಳ್ಳಿಗಳನ್ನು ಮುಟ್ಟತೊಡಗಿದುವು.

ಈ ಕಾರ್ಯದ ಮಹತ್ತ್ವವನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಅದಕ್ಕೆ ದೊರೆತ ಹಣದ ಪ್ರಮಾಣವನ್ನು ಹೇಳಲೇಬೇಕು. ಪ್ರಥಮ ಪಂಚವಾರ್ಷಿಕ ಯೋಜನೆಯಲ್ಲಿ ಸ್ವಯಂಸೇವಾ ಸಂಸ್ಥೆಗಳ ನೆರವಿಗೆಂದು ತೆಗೆದಿಟ್ಟದ್ದು 4 ಕೋಟಿ ರೂಪಾಯಿ. ಯೋಜನೆಯ ಮೂಲ ಮೊತ್ತ 2,069 ಕೋಟಿ. ನೂರು ರೂಪಾಯಿಗೆ ಇಪ್ಪತ್ತು ಪೈಸೆಯೂ ಆಗಲಿಲ್ಲ. ಅಲ್ಲದೆ, ಸಂಸ್ಥೆಗಳಿದ್ದ ಕಡೆಗೆ ಅನುದಾನ ಹೋಗುವುದು ಸ್ವಾಭಾವಿಕ; ಸಂಸ್ಥೆಗಳೇ ಇಲ್ಲದ ಹಿಂದುಳಿದ ಪ್ರದೇಶಕ್ಕೆ ಅದು ತಲಪುವುದು ಕಷ್ಟ. ಈ ವ್ಯವಸ್ಥೆಯ ಮೂಲದೋಷ ಇದು ಎಂದು ನಮಗೆ ತೋರುತ್ತದೆ. ಶ್ರೀಮತಿ ರೇಣುಕಾ ರಾಯ್ ಅವರ ನೇತೃತ್ವದ ಅಧ್ಯಯನ ತಂಡವು 1959ರಲ್ಲಿ ವರದಿಯನ್ನೊಪ್ಪಿಸಿ, ಕೇಂದ್ರದಲ್ಲಿ ಸಮಾಜ ಕಲ್ಯಾಣಕ್ಕೆಂದೇ ಪ್ರತ್ಯೇಕ ಇಲಾಖೆ ಬೇಕೆಂದು ಸಲಹೆಯಿತ್ತಿತು.

ಸಲಹೆ ಕೈಗೂಡಲು ಐದು ವರ್ಷ ಹಿಡಿಯಿತು. 1964ರ ಜೂನ್ 14ರಂದು ಕಾನೂನು ಮಂತ್ರಾಲಯದ ಆಶ್ರಯದಲ್ಲಿ ಸಾಮಾಜಿಕ ಭದ್ರತಾ ಇಲಾಖೆ ಹುಟ್ಟಿತು. ಎರಡು ವರ್ಷ ತುಂಬುವ ಮೊದಲೇ, 1966ರಲ್ಲಿ, ಅದು ಸಮಾಜ ಕಲ್ಯಾಣ ಇಲಾಖೆಯಾಯಿತು. ಇದನ್ನು ಬರಿಯ ಹೆಸರಿನ ಬದಲಾವಣೆಯೆಂದು ನಾವು ಭಾವಿಸುವುದಿಲ್ಲ. ‘ಭದ್ರತೆ’ ಎಂಬುದು ಹಕ್ಕನ್ನು ಸೂಚಿಸುವ ಮಾತು. ಕಂತು ಕಟ್ಟಿದವನೋ ಕಾನೂನು ಹೆಸರಿಸಿದವನೋ ಅದನ್ನು ಕೇಳಿ ಪಡೆಯಬಲ್ಲನು. ‘ಕಲ್ಯಾಣ’ವು ಕೊಡುವವನ ಔದಾರ್ಯವನ್ನು ಅವಲಂಬಿಸಿದ್ದು. ಮೊದಲನೆಯ ಹೆಸರು ಇಷ್ಟು ಬೇಗ ಮರೆಯಾದುದನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕು.

ಹೀಗಿದ್ದರೂ ಈ ಇಲಾಖೆಯ ಕಾಲದಲ್ಲಿಯೇ ಒಂದು ದೊಡ್ಡ ಕಾರ್ಯ ಆರಂಭವಾಯಿತು. 1974ರಲ್ಲಿ ಮಕ್ಕಳ ರಾಷ್ಟ್ರೀಯ ನೀತಿಯು ಘೋಷಿತವಾಗಿ, ಮರುವರ್ಷದ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 33 ಕ್ಷೇತ್ರಗಳಲ್ಲಿ ಪ್ರಾಯೋಗಿಕವಾಗಿ ಮೊದಲಾಯಿತು. ಅವುಗಳಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವಿಕೆ, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ತಿಳಿವಳಿಕೆ ಎಂಬ ಆರು ಸೇವೆಗಳು ಅಂಗನವಾಡಿಯೆಂಬ ಒಂದೇ ಸೂರಿನಡಿ ಕೂಡಿದುವು. ಸಂಸ್ಥೆಯಿಲ್ಲದ ಊರಿಗೂ ಸರಕಾರವೇ ಹೋಗಬೇಕೆಂಬ ತತ್ತ್ವವನ್ನು ಇಲ್ಲಿ ಕಾಣುತ್ತೇವೆ. ಮಂಡಲಿಯ ವ್ಯವಸ್ಥೆಯಲ್ಲಿ ಉಳಿದಿದ್ದ ದೋಷಕ್ಕೆ ಇದೇ ಉತ್ತರ.

1979ರಲ್ಲಿ ಇಲಾಖೆಯು ಪೂರ್ಣ ಮಂತ್ರಾಲಯವಾಯಿತು. ಆದರೆ ಏಕೀಭಾವವು ಹೆಚ್ಚು ಕಾಲ ನಿಲ್ಲಲಿಲ್ಲ. 1985ರಲ್ಲಿ ಮಹಿಳೆಯರ ಮತ್ತು ಮಕ್ಕಳ ವಿಷಯಗಳು ಮಾನವ ಸಂಪನ್ಮೂಲ ಮಂತ್ರಾಲಯಕ್ಕೆ ಸೇರಿದುವು. ಅದೇ ವೇಳೆಗೆ ಗೃಹ ಮಂತ್ರಾಲಯದಲ್ಲಿದ್ದ ಪರಿಶಿಷ್ಟ ಜಾತಿ, ಬುಡಕಟ್ಟು, ಅಲ್ಪಸಂಖ್ಯಾತ ಮತ್ತು ಹಿಂದುಳಿದ ವರ್ಗಗಳ ವಿಭಾಗಗಳು ಬಂದು ಕೂಡಿ ಕಲ್ಯಾಣ ಮಂತ್ರಾಲಯವು ರೂಪುಗೊಂಡಿತು. 1998ರಲ್ಲಿ ಅದಕ್ಕೆ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಎಂಬ ಹೆಸರು ಬಂದಿತು. 1999ರಲ್ಲಿ ಬುಡಕಟ್ಟುಗಳಿಗೆ, 2006ರಲ್ಲಿ ಅಲ್ಪಸಂಖ್ಯಾತರಿಗೆ ಮತ್ತು ಮಹಿಳೆ-ಮಕ್ಕಳಿಗೆ ಬೇರೆ ಬೇರೆ ಮಂತ್ರಾಲಯಗಳಾದುವು. 2012ರಲ್ಲಿ ಅಂಗವಿಕಲರ ವಿಷಯಕ್ಕೆ ಒಳಗಡೆಯೇ ಪ್ರತ್ಯೇಕ ಇಲಾಖೆಯಾಯಿತು. 1995ರ ಆಗಸ್ಟ್ 15ರಂದು ತಿಂಗಳಿಗೆ 75 ರೂಪಾಯಿಯಂತೆ ಪ್ರಾರಂಭವಾದ ಕೇಂದ್ರದ ವೃದ್ಧಾಪ್ಯ ವೇತನವಾದರೋ ಗ್ರಾಮೀಣಾಭಿವೃದ್ಧಿ ಮಂತ್ರಾಲಯದ ವಶದಲ್ಲಿದೆ.

ಈ ವಿಭಜನೆಗಳಿಂದ ಲಾಭವಾಗಿಲ್ಲವೆಂದು ಹೇಳಲಾಗದು. ಪ್ರತಿಯೊಂದು ವರ್ಗಕ್ಕೂ ತನ್ನದೇ ಆದ ಮಂತ್ರಿ, ಆಯವ್ಯಯ, ಕಾನೂನು ದೊರೆತುವು. 1995ರ ಅಂಗವಿಕಲರ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ, 2016ರ ಕಾನೂನು ಇಪ್ಪತ್ತೊಂದನ್ನು ಗುರುತಿಸಿತು. ಆದರೆ ನಷ್ಟವೂ ಉಂಟು. ಬುಡಕಟ್ಟಿನ ಒಂದು ಮನೆಯಲ್ಲಿ ಕಿವಿ ಕೇಳಿಸದ ನಾಲ್ಕು ವರ್ಷದ ಮಗುವೊಂದಿದೆಯೆಂದು ಭಾವಿಸೋಣ. ಅದರ ಆಹಾರವು ಒಂದು ಮಂತ್ರಾಲಯಕ್ಕೆ, ಶ್ರವಣಯಂತ್ರವು ಮತ್ತೊಂದಕ್ಕೆ, ಅದರ ಜನಾಂಗದ ಏಳಿಗೆ ಮೂರನೆಯದಕ್ಕೆ, ಮುಂದಿನ ಶಾಲೆ ನಾಲ್ಕನೆಯದಕ್ಕೆ ಸೇರಿದೆ. ಮಗು ಮಾತ್ರ ಒಂದೇ. ಅದರ ತಾಯಿ ನಾಲ್ಕು ಕಡೆಗೂ ಅರ್ಜಿ ಹಿಡಿದು ಹೋಗಬಲ್ಲಳೆ ಎಂಬ ಪ್ರಶ್ನೆಗೆ ಯಾವ ವಾರ್ಷಿಕ ವರದಿಯಲ್ಲಿಯೂ ಅಂಕಣವಿಲ್ಲ.

2015ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳು ಈ ಪ್ರಶ್ನೆಯನ್ನೇ ಮತ್ತೆ ಮುಂದಿಟ್ಟಿವೆ. ಮೊದಲನೆಯ ಗುರಿಯ ಒಂದು ಅಂಶವು ಎಲ್ಲರಿಗೂ ಸಾಮಾಜಿಕ ರಕ್ಷಣೆಯನ್ನು ಕೇಳುತ್ತದೆ. ಹತ್ತನೆಯದು ಅಸಮಾನತೆಯ ಇಳಿಕೆಯನ್ನು ಕೇಳುತ್ತದೆ. ಈ ಗುರಿಗಳು ಪರಸ್ಪರ ಹೆಣೆದುಕೊಂಡಿವೆ, ಒಂದನ್ನು ಬಿಟ್ಟು ಒಂದು ಸಾಧ್ಯವಿಲ್ಲವೆಂಬುದು ಆ ನಿರ್ಣಯದ ಆಶಯ. ನಮ್ಮಲ್ಲಿ ಇವುಗಳ ಸಮನ್ವಯವನ್ನು ನೀತಿ ಆಯೋಗಕ್ಕೆ ವಹಿಸಲಾಯಿತು. 2018ರಿಂದ ಅದು ರಾಜ್ಯಗಳ ಸಾಧನೆಯನ್ನು ಅಂಕಗಳಲ್ಲಿ ಅಳೆದು ಪ್ರಕಟಿಸಿತು. ಅಳೆಯುವುದು ಉಪಯುಕ್ತವೇ. ಆದರೆ ಅಂಕವು ರಾಜ್ಯಕ್ಕೆ ಸಿಗುವುದು, ಅಳತೆಗೆ ಸಿಕ್ಕದೆ ಉಳಿಯುವವನು ವ್ಯಕ್ತಿ.

ಹಣದ ಕೊರತೆ, ಅಧಿಕಾರದ ಹಂಚಿಕೆ, ಹಕ್ಕೋ ಔದಾರ್ಯವೋ ಎಂಬ ಸಂದೇಹ, ಈ ಮೂರು ಎಳೆಗಳು 1953ರಿಂದ ಇಂದಿನವರೆಗೆ ಈ ಇತಿಹಾಸದಲ್ಲಿ ಕಡಿಯದೆ ಬಂದಿವೆ. ದೆಹಲಿಯ ಕಡತಗಳಿಂದ ಮಾತ್ರ ಇದನ್ನು ಪೂರ್ಣವಾಗಿ ಬರೆಯಲಾಗದು. ತಿರುಮಕೂಡಲು ನರಸೀಪುರದ ಅಂಗನವಾಡಿಗಳ ದಾಖಲೆ ಪುಸ್ತಕಗಳು, ಜಿಲ್ಲಾ ಕಚೇರಿಯ ಹಳೆಯ ಅರ್ಜಿಗಳು, ಆ ಕಾಲದ ಕಾರ್ಯಕರ್ತೆಯರ ನೆನಪುಗಳು ಇವೂ ಆಧಾರಗಳೇ. ಅವು ನಶಿಸಿಹೋಗುವ ಮುನ್ನ ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಅವುಗಳ ಸಂಗ್ರಹಕ್ಕೆ ತೊಡಗಬೇಕೆಂದು ವಿನಂತಿಸಿಕೊಳ್ಳುತ್ತೇವೆ.